ಮಳೆ-ಬಿಸಿಲು ತಡೆಯೋ ರಬ್ಬರ್ ಕೊಟ್ಟವರ ಬದುಕು ಬರೀ 41 ವರ್ಷ

ಬೀದಿ ದೀಪದ ಬಾಕ್ಸ್, ಸೋಲಾರ್ ಕೇಬಲ್ ಜಾಯಿಂಟ್... ಹೊರಗಡೆ ಇರೋ ಬಹುತೇಕ ಕನೆಕ್ಟರ್ ಬಿಚ್ಚಿದರೆ ಒಳಗೊಂದು ರಬ್ಬರ್ ರಿಂಗ್ ಸಿಗುತ್ತೆ. ಅದು ಬಿರುಕು ಬಿಟ್ಟರೆ ನೀರು ಒಳಗೆ, ಆಮೇಲೆ ಶಾರ್ಟ್. ಮರದ ಹಾಲಿನ ಮಾಮೂಲಿ ರಬ್ಬರ್ ಇಲ್ಲಿ ಬಾಳಿಕೆ ಬರಲ್ಲ. ಗಾಳಿಯಲ್ಲಿರೋ ಓಝೋನ್ ಅದನ್ನು ಸೀಳುತ್ತೆ, ಎಣ್ಣೆ ತಾಗಿದರೆ ಉಬ್ಬುತ್ತೆ. ಇದಕ್ಕೆ ಪರ್ಯಾಯ ಹುಟ್ಟಿದ್ದು ಅಮೆರಿಕದ ರಸಾಯನ ವಿಜ್ಞಾನಿ ವಾಲೇಸ್ ಕ್ಯಾರೋಥರ್ಸ್ ಅವರ ತಂಡದಲ್ಲಿ.

ಕ್ಯಾರೋಥರ್ಸ್ ಹುಟ್ಟಿದ್ದು 1896ರ ಏಪ್ರಿಲ್ 27ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಮೊದಲು ಓದಿದ್ದು ಲೆಕ್ಕಪತ್ರ. ಆಮೇಲೆ ರಸಾಯನಶಾಸ್ತ್ರ ಹಿಡಿದು 1924ರಲ್ಲಿ ಪಿಎಚ್‌ಡಿ ಮುಗಿಸಿ ಹಾರ್ವರ್ಡ್‌ನಲ್ಲಿ ಮೇಷ್ಟ್ರಾದರು. ಪಾಠ ಹೇಳೋದಕ್ಕಿಂತ ಲ್ಯಾಬ್ ಇಷ್ಟ. ಡ್ಯುಪಾಂಟ್ ಕಂಪನಿ ಕರೆದಾಗ ಮೊದಲು ಒಪ್ಪಲಿಲ್ಲ. ಆಗಾಗ ಕವಿಯೋ ಖಿನ್ನತೆ ಅಲ್ಲಿ ತೊಡಕಾದೀತು ಅನ್ನೋ ಅಳುಕನ್ನು ಕಂಪನಿಗೇ ಬರೆದು ತಿಳಿಸಿದ್ದರು. ಕೆಲಸ ಕೇಳೋ ಕಡೆ ಇಷ್ಟು ನೇರವಾಗಿ ಹೇಳೋರು ಇವತ್ತಿಗೂ ಕಡಿಮೆ. ಕಂಪನಿ ಬಿಡಲಿಲ್ಲ, 1928ರಲ್ಲಿ ಸೇರಿದರು.

1930ರ ಏಪ್ರಿಲ್‌ನಲ್ಲಿ ತಂಡದ ಆರ್ನಾಲ್ಡ್ ಕಾಲಿನ್ಸ್ ಪಕ್ಕಕ್ಕಿಟ್ಟಿದ್ದ ದ್ರವ ಗಟ್ಟಿಯಾಗಿತ್ತು. ಬೆಂಚಿನ ಮೇಲೆ ಎಸೆದರೆ ಚೆಂಡಿನ ಥರ ಪುಟಿಯಿತು. ಪಾದ್ರಿಯೂ ಆಗಿದ್ದ ವಿಜ್ಞಾನಿ ಜೂಲಿಯಸ್ ನ್ಯೂಲ್ಯಾಂಡ್ ಮೊದಲೇ ಮಾಡಿದ್ದ ಕೆಲಸ ಇದಕ್ಕೆ ಬುನಾದಿ. ಅದೇ ಮುಂದೆ ನಿಯೋಪ್ರೀನ್ ಆಯ್ತು. ಅದರಲ್ಲಿರೋ ಕ್ಲೋರಿನ್‌ನಿಂದಾಗಿ ಓಝೋನ್ ಸುಲಭಕ್ಕೆ ಸೀಳಲ್ಲ, ಎಣ್ಣೆಗೂ ಅಷ್ಟು ಉಬ್ಬಲ್ಲ. ರೇಟು ಜಾಸ್ತಿ ಇದ್ದರೂ ಕೇಬಲ್ ಹೊದಿಕೆಗೆ, ಗ್ಯಾಸ್ಕೆಟ್‌ಗೆ ಬಳಕೆಗೆ ಬಂತು.

ಈಗ ಬರೀ ಬಿಸಿಲು-ಮಳೆಗೆ ಇಪಿಡಿಎಂ ಅನ್ನೋ ರಬ್ಬರ್ ಇನ್ನೂ ಮೇಲು. ಆದರೆ ಆಯಿಲ್ ಬಿದ್ದರೆ ಅದು ಊದಿಕೊಳ್ಳುತ್ತೆ. ಮೋಟಾರು, ಗ್ರೀಸ್ ಹತ್ತಿರ ಇರೋ ಜಾಗಕ್ಕೆ ನಿಯೋಪ್ರೀನೇ ವಾಸಿ. ಸಿಲಿಕಾನ್ ಬಿಸಿ ತಡೆಯುತ್ತೆ, ಆದರೆ ಎಳೆದರೆ ಬೇಗ ಹರಿಯುತ್ತೆ.

1935ರಲ್ಲಿ ಕ್ಯಾರೋಥರ್ಸ್ ತಂಡ ನೈಲಾನನ್ನೂ ತಯಾರಿಸಿತು. ಮರುವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು, ಹೆಲೆನ್ ಸ್ವೀಟ್‌ಮನ್ ಜತೆ ಮದುವೆನೂ ಆಯ್ತು. ಹೊರಗಿನವರಿಗೆ ಎಲ್ಲಾ ಚೆನ್ನಾಗೇ ಕಾಣ್ತಿತ್ತು. ಆದರೆ 1937ರ ಜನವರಿಯಲ್ಲಿ ತಂಗಿ ಇಸೊಬೆಲ್ ತೀರಿಕೊಂಡರು. ಆ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲೇ ಇಲ್ಲ. ಚಿಕಿತ್ಸೆ ನಡೆದಿತ್ತು, ಫಲ ಕೊಡಲಿಲ್ಲ. 41 ತುಂಬಿ ಎರಡೇ ದಿನಕ್ಕೆ, 1937ರ ಏಪ್ರಿಲ್ 29ರಂದು, ಫಿಲಡೆಲ್ಫಿಯಾದಲ್ಲಿ ಪ್ರಾಣ ಕಳೆದುಕೊಂಡರು. ಹೆಂಡತಿ ಆಗ ಗರ್ಭಿಣಿ. ಮಗಳು ಹುಟ್ಟಿದ್ದು ಅದೇ ನವೆಂಬರ್‌ನಲ್ಲಿ. ನೈಲಾನ್ ಹೆಸರು ಜನರ ಬಾಯಿಗೆ ಬಂದಿದ್ದು 1938ರಲ್ಲಿ.