ನಿಸ್ತಂತು ಅಲೆಗಳ ಆಚಾರ್ಯ: ಜಗದೀಶಚಂದ್ರ ಬೋಸ್

ವಿದ್ಯಾರ್ಥಿಗಳೇ, ತಂತಿಯಿಲ್ಲದ ಇಯರ್‌ಫೋನು ಇಂದು ಅಪರೂಪದ ವಸ್ತುವಲ್ಲ. ಜೇಬಿನಲ್ಲಿರುವ ಫೋನು ಕಳುಹಿಸಿದ ಅಲೆ ಕಿವಿಯಲ್ಲಿ ಹಾಡಾಗುತ್ತದೆ. ಕೆಲವೊಮ್ಮೆ ಆ ಸಂಬಂಧ ಕಡಿದುಹೋಗುತ್ತದೆ; ದೋಷವೆಲ್ಲಿದೆಯೆಂದು ತಿಳಿಯದೆ ಕುಟ್ಟಿ ನೋಡುವವರೂ ಉಂಟು. ಇಂಥದೇ ತೊಡಕನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯ ಅಧ್ಯಾಪಕರೊಬ್ಬರು ತಾಳ್ಮೆಯಿಂದ ಬಿಡಿಸಿದರು. ಅವರೇ ಆಚಾರ್ಯ ಜಗದೀಶಚಂದ್ರ ಬೋಸರು.

ಬೋಸರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶವಾಗಿರುವ ಪೂರ್ವ ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಸರಕಾರಿ ಅಧಿಕಾರಿಗಳು. ಅಂಥವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಅಂದಿನ ಪ್ರತಿಷ್ಠೆ. ಆದರೆ ತಂದೆ ಮಗನನ್ನು ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಬಾಲಕನ ಪಕ್ಕದಲ್ಲಿ ಕುಳಿತವರು ತಂದೆಯ ಸೇವಕನ ಮಗ ಮತ್ತು ಬೆಸ್ತರ ಹುಡುಗ. ಅವರು ಹೇಳುತ್ತಿದ್ದ ಹಕ್ಕಿ, ಮೃಗ, ಜಲಚರಗಳ ಕಥೆಗಳಿಂದಲೇ ಪ್ರಕೃತಿಯನ್ನು ಅರಿಯುವ ಆಸೆ ಅವನಲ್ಲಿ ಮೊಳೆಯಿತು. ಮಾತೃಭಾಷೆಯ ಶಾಲೆಯಲ್ಲಿ ಓದುವ ನಾವು ಈ ಸಂಗತಿಯನ್ನು ನೆನಪಿಡತಕ್ಕದ್ದು.

ಮುಂದೆ ಕಲ್ಕತ್ತೆಯಲ್ಲಿಯೂ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿಯೂ ಓದಿ, 1885ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದರು. ಭಾರತೀಯರೆಂಬ ಕಾರಣದಿಂದ ಅವರಿಗೆ ಗೊತ್ತುಮಾಡಿದ ಸಂಬಳ ಐರೋಪ್ಯರದಕ್ಕಿಂತ ಕಡಿಮೆ. ಬೋಸರು ಜಗಳವಾಡಲಿಲ್ಲ, ಪಾಠವನ್ನೂ ನಿಲ್ಲಿಸಲಿಲ್ಲ, ಮೂರು ವರ್ಷ ಸಂಬಳವನ್ನೇ ಮುಟ್ಟಲಿಲ್ಲ. ಕೊನೆಗೆ ಸರಕಾರವೇ ಮಣಿದು, ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಡನೆ ಕೊಟ್ಟಿತು.

1894ರಲ್ಲಿ ಅವರು ವಿದ್ಯುತ್ ಅಲೆಗಳ ಸಂಶೋಧನೆಗೆ ತೊಡಗಿದರು. ಪ್ರಯೋಗಶಾಲೆಯೆಂಬುದು ಒಂದು ಪುಟ್ಟ ಕೋಣೆ; ಉಪಕರಣಗಳನ್ನು ಅವರೇ ನಿಂತು ಮಾಡಿಸಬೇಕಾಗಿತ್ತು. 1895ರಲ್ಲಿ ಕಲ್ಕತ್ತೆಯ ಜನರ ಮುಂದೆ, ಗೋಡೆಯನ್ನು ದಾಟಿ ಹೋದ ಅಲೆಯಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಸಿಡಿಸಿ ತೋರಿಸಿದರು.

ಆದರೆ ಅಲೆಯನ್ನು ಪ್ರತಿ ಸಲವೂ ತಪ್ಪದೆ ಹಿಡಿಯುವುದು ಸುಲಭವಾಗಿರಲಿಲ್ಲ. ಬೋಸರು ದೋಷವನ್ನು ಮೂರು ಕಡೆ ಬೇರೆಬೇರೆಯಾಗಿ ಹುಡುಕಿದರು. ಮೊದಲನೆಯದು, ಕಳುಹಿಸುವ ಯಂತ್ರ: ಕಿಡಿ ಹಾರುವ ಲೋಹದ ಮೈ ಬೇಗ ಒರಟಾಗುತ್ತಿತ್ತು, ಅಲ್ಲಿ ಪ್ಲಾಟಿನಂ ಬಳಸಿ, ಒಮ್ಮೆಗೆ ಒಂದೇ ಕಿಡಿ ಹಾರುವಂತೆ ಮಾಡಿದರು. ಎರಡನೆಯದು, ದಾರಿ: ಅಡ್ಡದಾರಿ ಹಿಡಿದ ಅಲೆಗಳು ಗೊಂದಲವೆಬ್ಬಿಸುತ್ತಿದ್ದವು, ಕಳುಹಿಸುವ ಯಂತ್ರವನ್ನು ಲೋಹದ ಪೆಟ್ಟಿಗೆಯೊಳಗಿಟ್ಟರು. ಮೂರನೆಯದು, ಗ್ರಾಹಕ: ಅಂದು ಬಳಕೆಯಲ್ಲಿದ್ದುದು ಲೋಹದ ಪುಡಿ ತುಂಬಿದ ಕೊಹೀರರ್ ಎಂಬ ನಳಿಗೆ. ಅಲೆ ತಾಕಿದೊಡನೆ ಪುಡಿ ಒಂದಕ್ಕೊಂದು ಅಂಟಿದಂತಾಗಿ ವಿದ್ಯುತ್ತು ಹರಿಯುವುದು. ಆದರೆ ಮುಂದಿನ ಅಲೆಗೆ ಅದು ಸಿದ್ಧವಾಗಬೇಕಾದರೆ ನಳಿಗೆಯನ್ನು ತಟ್ಟಲೇಬೇಕು. ಬೋಸರು ಪುಡಿಯ ಬದಲು ಉಕ್ಕಿನ ಸಣ್ಣ ಸ್ಪ್ರಿಂಗುಗಳನ್ನು ಜೋಡಿಸಿ, ಅವುಗಳ ಒತ್ತಡವನ್ನು ತಿರುಪಿನಿಂದ ಸರಿಪಡಿಸುವಂತೆ ಮಾಡಿದರು. 1899ರಲ್ಲಿ ಕಬ್ಬಿಣ ಮತ್ತು ಪಾದರಸಗಳ, ತಟ್ಟದೆಯೇ ತಾನಾಗಿ ಚೇತರಿಸಿಕೊಳ್ಳುವ ಗ್ರಾಹಕವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದರು. ಅದಕ್ಕೆ ಟೆಲಿಫೋನಿನ ಕಿವಿಗೊಳವೆಯನ್ನು ಜೋಡಿಸಿದ್ದರು. ತಂತಿಯಿಲ್ಲದೆ ಬಂದ ಅಲೆ ಕಿವಿಗೆ ಕೇಳಿಸಿತು! 1901ರಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಆಲಿಸಿದುದೂ ಪಾದರಸದ ಗ್ರಾಹಕ ಮತ್ತು ಟೆಲಿಫೋನುಗಳಿಂದಲೇ.

ಹಣದ ಆಸೆ ಬೋಸರಿಗಿರಲಿಲ್ಲ. 1904ರಲ್ಲಿ ಅಮೆರಿಕದಲ್ಲಿ ಅವರ ಹೆಸರಿಗೆ ದೊರೆತ ಪೇಟೆಂಟು ಸ್ನೇಹಿತರ ಒತ್ತಾಯದ ಫಲ. ಗ್ರಾಹಕದ ಲೋಹವೂ ದಣಿದಂತೆ ತೋರುವುದನ್ನು ಕಂಡ ಅವರು, ಅದೇ ಜಾಡು ಹಿಡಿದು ಸಸ್ಯಗಳ ಸಂವೇದನೆಯ ಅಧ್ಯಯನಕ್ಕೆ ಹೊರಳಿದರು. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾಲಯವನ್ನು ಸ್ಥಾಪಿಸಿ, 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಕೀರ್ತಿಶೇಷರಾದರು.

ಬೋಸರು ಬಳಸಿದ ಅತಿ ಕಿರಿದಾದ ಅಲೆಗಳ ಉದ್ದ ಸುಮಾರು 5 ಮಿಲಿಮೀಟರು. ನಿಮ್ಮ ಬ್ಲೂಟೂತಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಅಲೆ ಬೇರೆಯಾದರೂ ದೋಷ ಹುಡುಕುವ ಕ್ರಮ ಒಂದೇ. ಇಯರ್‌ಫೋನು ಮೂಕವಾದರೆ ಮೊದಲು ಫೋನನ್ನು ನೋಡಿರಿ: ಬ್ಲೂಟೂತ್ ತೆರೆದಿದೆಯೇ? ಫೋನು ಮನೆಯ ಬೇರೊಂದು ಸ್ಪೀಕರಿಗೆ ಜೋಡಿಕೊಂಡಿದೆಯೇ? ಬಳಿಕ ದಾರಿಯನ್ನು ನೋಡಿರಿ: ನೀರಿನ ಅಂಶ ಹೆಚ್ಚಾಗಿರುವ ನಮ್ಮ ದೇಹವು ಈ ಅಲೆಯನ್ನು ಹೀರುತ್ತದೆ; ಆದುದರಿಂದ ಹಿಂದಿನ ಜೇಬಿನ ಫೋನನ್ನು ಮುಂದಕ್ಕೆ ತಂದರೂ ಸಾಕಾದೀತು. ವೈ-ಫೈ ಮತ್ತು ಮೈಕ್ರೋವೇವ್ ಒಲೆಗಳೂ ಇದೇ ಅಲೆಗಳ ನೆರೆಹೊರೆಯವು. ಕೊನೆಗೆ ಇಯರ್‌ಫೋನು: ಚಾರ್ಜು ಇದೆಯೇ? ಇನ್ನೊಂದು ಫೋನಿನೊಡನೆ ಮಾತಾಡುತ್ತದೆಯೇ? ಮಾತಾಡಿದರೆ ಅದು ಕೆಟ್ಟಿಲ್ಲ. ನಿಮ್ಮ ಫೋನಿನಲ್ಲಿರುವ ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷವೆಲ್ಲಿತ್ತೆಂಬುದು ತಿಳಿಯದು.

ಬಂಗಾಳಿ ಶಾಲೆಯ ಮಣೆಯಿಂದೆದ್ದ ಬಾಲಕ ಜಗತ್ತಿನ ವಿಜ್ಞಾನಿಗಳ ಸಾಲಿನಲ್ಲಿ ನಿಂತನು. ಈ ಮಹಾನಗರದ ಕನ್ನಡ ಶಾಲೆಯ ಮಣೆಯೂ ಅದಕ್ಕಿಂತ ಕಿರಿದಲ್ಲವೆಂದು ನಾವು ನಂಬಿದ್ದೇವೆ. ಕುಟ್ಟುವ ಮೊದಲು ಯೋಚಿಸುವ ಅಭ್ಯಾಸವನ್ನು ನೀವು ಬೆಳೆಸಿಕೊಳ್ಳಿರಿ.