ಮನವನ್ನೇ ಮಂದಿರವಾಗಿಸಿದ ವಿಜಯದಾಸರು

ಆದವಾನಿ ಸೀಮೆಯ ನೆಲವನ್ನು ತಮ್ಮ ಸಾಧನೆಯಿಂದ ಪಾವನಗೊಳಿಸಿದ ಹರಿದಾಸರಲ್ಲಿ ಶ್ರೀ ವಿಜಯದಾಸರು ಅಗ್ರಗಣ್ಯರು. ಮಾನವಿ ತಾಲ್ಲೂಕಿನ ಚೀಕಲಪರವಿಯಲ್ಲಿ, ತುಂಗಭದ್ರೆಯ ತೀರದಲ್ಲಿ, 1682ರಲ್ಲಿ ಅವರು ಜನಿಸಿದರು. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ದಾಸಪ್ಪನೆಂಬುದು ಬಾಲ್ಯದ ಹೆಸರು. ಮನೆಯಲ್ಲಿ ಕಡುಬಡತನ. ಊರು ತೊರೆದ ದಾಸಪ್ಪ ಆದವಾನಿಗೆ ಬಂದು, ಮುಂದೆ ಕಾಶಿಯವರೆಗೂ ಅಲೆದರು.

ಕಾಶಿಯಲ್ಲಿ ಒಂದು ರಾತ್ರಿ ಪುರಂದರದಾಸರು ಸ್ವಪ್ನದಲ್ಲಿ ದರ್ಶನವಿತ್ತು, ನಾಲಗೆಯ ಮೇಲೆ ‘ವಿಜಯವಿಠಲ’ ಎಂಬ ಅಂಕಿತವನ್ನು ಬರೆದರೆಂದೂ, ಎಚ್ಚತ್ತವರ ಬಾಯಿಂದ ಕವಿತೆ ಹೊನಲಾಗಿ ಹರಿಯಿತೆಂದೂ ದಾಸಪರಂಪರೆ ಹೇಳುತ್ತದೆ. ಪುರಂದರದಾಸರು ಕಾಲವಾಗಿ ಆಗಲೇ ಶತಮಾನ ಮೀರಿತ್ತು. ಸದಾ ನೆನೆದ ಗುರುವೇ ಕನಸಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕನಸು ಒಂದು ರಾತ್ರಿಯದು. ಅದನ್ನು ಫಲವಾಗಿಸಿದ ಸಾಧನೆ ಜೀವಮಾನದ್ದು.

ಆ ಸಾಧನೆಯ ತಿರುಳು ಮಾನಸಪೂಜೆ. ಕಣ್ಣು ಮುಚ್ಚಿ ಕುಳಿತು, ಅಂತರಂಗದಲ್ಲಿ ಮಂಟಪವನ್ನು ಕಟ್ಟಬೇಕು; ದೀಪ ಹಚ್ಚಬೇಕು; ಹೂವನ್ನು ಒಂದೊಂದಾಗಿ ಏರಿಸಬೇಕು; ಮೂರ್ತಿಯನ್ನು ಪಾದದಿಂದ ಮುಡಿಯವರೆಗೆ ಕಾಣಬೇಕು. ಮನಸ್ಸು ಎತ್ತಲೋ ಓಡಿದರೆ ಮತ್ತೆ ಕರೆತಂದು ಅಲ್ಲಿಯೇ ನಿಲ್ಲಿಸಬೇಕು. ಇದಕ್ಕೆ ಕಾಸು ಬೇಕಿಲ್ಲ, ಸಾಮಗ್ರಿ ಬೇಕಿಲ್ಲ. ಬಡತನವು ದಾಸಪ್ಪನಿಂದ ಕಸಿಯಲಾರದೆ ಹೋದ ಸಂಪತ್ತು ಇದೊಂದೇ.

ಈ ಏಕಾಗ್ರತೆಯ ಫಲವನ್ನು ಅವರ ಸುಳಾದಿಗಳಲ್ಲಿ ಕಾಣಬಹುದು. ಸುಳಾದಿಯ ಪ್ರತಿಯೊಂದು ನುಡಿಯೂ ಬೇರೊಂದು ತಾಳಕ್ಕೆ ಹೊರಳುತ್ತದೆ. ಧ್ರುವ, ಮಠ್ಯ, ತ್ರಿಪುಟ, ಅಟ್ಟ ಮುಂತಾಗಿ ಲಯ ಬದಲಾದರೂ ಭಾವದ ಎಳೆ ಕಡಿಯಬಾರದು. ಕೊನೆಗೆ ಎರಡು ಸಾಲಿನ ಜತೆಯಲ್ಲಿ ಸಾರವೆಲ್ಲ ನಿಲ್ಲಬೇಕು. ಸ್ಥಿರಚಿತ್ತರಿಗಲ್ಲದೆ ಇದು ಒಲಿಯುವ ವಿದ್ಯೆಯಲ್ಲ. ವಿಜಯದಾಸರ ಸುಳಾದಿಗಳಾದರೋ ಅಸಂಖ್ಯ.

ತಮಗೆ ದೊರೆತುದನ್ನು ಅವರು ಬಚ್ಚಿಡಲಿಲ್ಲ. ಮೊಸರಕಲ್ಲಿನ ಭಾಗಣ್ಣನಿಗೆ ಅಂಕಿತವಿತ್ತು ಗೋಪಾಲದಾಸರನ್ನಾಗಿಸಿದರು. ಗೋಪಾಲದಾಸರ ಅನುಗ್ರಹ ಪಡೆದ ಮಾನವಿಯ ಜಗನ್ನಾಥದಾಸರು ಮುಂದೆ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಹೀಗೆ ಒಬ್ಬರ ಧ್ಯಾನವು ಮೂರು ತಲೆಮಾರಿನ ಕನ್ನಡಕ್ಕೆ ಬೆಳಕಾಯಿತು.

1755ರ ಕಾರ್ತಿಕ ಶುದ್ಧ ದಶಮಿಯಂದು ಅವರು ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಪ್ರತಿವರ್ಷ ಆ ದಿನ ಭಕ್ತರು ಅಲ್ಲಿ ನೆರೆದು, ಅವರ ಕನ್ನಡ ಪದಗಳನ್ನು ಹಾಡುತ್ತಾರೆ. ಇದೇ ಸೀಮೆಯಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಆ ಹಾಡು ಪರರ ಸೊತ್ತಲ್ಲ. ಅವರ ಊರಿನದೇ ಆಸ್ತಿ.