ಜೆ. ಸಿ. ಕುಮಾರಪ್ಪ

ಜೆ. ಸಿ. ಕುಮಾರಪ್ಪ (೪ ಜನವರಿ ೧೮೯೨ – ೩೦ ಜನವರಿ ೧೯೬೦) ಭಾರತದ ಅರ್ಥಶಾಸ್ತ್ರಜ್ಞರು, ಸ್ವಾತಂತ್ರ್ಯ ಹೋರಾಟಗಾರರು ಹಾಗೂ ಗಾಂಧೀಜಿಯವರ ನಿಕಟ ಸಹವರ್ತಿ. ಕ್ರೈಸ್ತ ಧರ್ಮದಲ್ಲಿ ದೃಢ ಶ್ರದ್ಧೆಯಿದ್ದ ಇವರು, ನಿಸರ್ಗದ ನಿಯಮವನ್ನು ಮೀರಿದ ಅರ್ಥವ್ಯವಸ್ಥೆಯು ಹಿಂಸೆಯಲ್ಲಿ ಕೊನೆಗೊಳ್ಳುತ್ತದೆಂದು ಪ್ರತಿಪಾದಿಸಿದರು.

ಆರಂಭಿಕ ಜೀವನ

ತಂಜಾವೂರಿನ ತಮಿಳು ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಇವರ ಮೂಲ ಹೆಸರು ಜೋಸೆಫ್ ಚೆಲ್ಲದುರೈ ಕಾರ್ನೀಲಿಯಸ್. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಮುಂಬಯಿಯಲ್ಲಿ ವೃತ್ತಿ ನಡೆಸಿ, ಅಮೆರಿಕದ ಸಿರಾಕ್ಯೂಸ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮುಂದುವರಿಸಿದರು. ಕೊಲಂಬಿಯಾದಲ್ಲಿ ಎಡ್ವಿನ್ ಸೆಲಿಗ್ಮನ್ ಅವರ ಮಾರ್ಗದರ್ಶನದಲ್ಲಿ ನಡೆಸಿದ ಅಧ್ಯಯನವು, ಬ್ರಿಟಿಷ್ ಆಡಳಿತದ ತೆರಿಗೆ ನೀತಿಗೂ ಭಾರತದ ಬಡತನಕ್ಕೂ ಇರುವ ನಂಟನ್ನು ಅವರಿಗೆ ತೋರಿಸಿಕೊಟ್ಟಿತು. ಮುಂದೆ ಕಾರ್ನೀಲಿಯಸ್ ಎಂಬುದನ್ನು ಬಿಟ್ಟು ವಂಶದ ಹಳೆಯ ಹೆಸರಾದ ಕುಮಾರಪ್ಪವನ್ನು ಧರಿಸಿದರು.

ಆ ಪ್ರಬಂಧವನ್ನು ಪ್ರಕಟಿಸುವ ಸಂಬಂಧವಾಗಿ ೧೯೨೯ರ ಮೇ ತಿಂಗಳಲ್ಲಿ ಸಾಬರಮತಿಗೆ ಹೋದರು. ಸೂಟು ಧರಿಸಿ ಬಂದಿದ್ದ ಅವರು, ನೆಲದ ಮೇಲೆ ಕುಳಿತು ನೂಲುತ್ತಿದ್ದ ವೃದ್ಧರೇ ಗಾಂಧೀಜಿಯೆಂದು ಮೊದಲಿಗೆ ಅರಿಯಲಿಲ್ಲ. ಭೇಟಿಯ ಬಳಿಕ ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳ ಆರ್ಥಿಕ ಸಮೀಕ್ಷೆಯನ್ನು ಕೈಗೊಂಡರು. ಪ್ರತಿಷ್ಠಿತರ ಲೆಕ್ಕ ನೋಡುತ್ತಿದ್ದ ವ್ಯಕ್ತಿ ರೈತರ ಸಾಲದ ಲೆಕ್ಕಕ್ಕೆ ಇಳಿದದ್ದು ಹೀಗೆ.

ಧರ್ಮ ಮತ್ತು ಪ್ರಭುತ್ವ

೧೯೩೦ರ ಕಾನೂನುಭಂಗ ಚಳವಳಿಯ ಕಾಲದಲ್ಲಿ ಕಲ್ಕತ್ತೆಯ ಬಿಷಪ್ ಫಾಸ್ ವೆಸ್ಟ್‌ಕಾಟ್ ಅವರು ಚಳವಳಿಯನ್ನು ಕ್ರೈಸ್ತ ತತ್ತ್ವಕ್ಕೆ ವಿರುದ್ಧವೆಂದು ಖಂಡಿಸಿದಾಗ, ಕುಮಾರಪ್ಪನವರು ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಯೇಸುವಿನ ಬೋಧನೆಯನ್ನು ಒಪ್ಪುವವನು ಅನ್ಯಾಯದ ಆಳ್ವಿಕೆಗೆ ಬೆಂಬಲ ನೀಡಲಾರನೆಂಬುದು ಅವರ ವಾದ. ಇದರಿಂದ ಸ್ವಧರ್ಮೀಯರಲ್ಲಿ ಹಲವರ ಅಸಮಾಧಾನಕ್ಕೆ ಗುರಿಯಾದರೂ ಅವರು ಕ್ರೈಸ್ತಮತವನ್ನು ತೊರೆಯಲಿಲ್ಲ. ಅವರ ಆಕ್ಷೇಪವಿದ್ದದ್ದು ಸಾಮ್ರಾಜ್ಯದ ನೆರಳಿನಲ್ಲಿ ನಿಂತ ಚರ್ಚಿನ ಬಗ್ಗೆ.

ಗ್ರಾಮೋದ್ಯೋಗ

೧೯೩೪ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯದರ್ಶಿಯಾಗಿ ವಾರ್ಧಾದ ಮಗನ್‌ವಾಡಿಯಲ್ಲಿ ನೆಲೆಸಿದರು. ಕುಟ್ಟಿದ ಅಕ್ಕಿ, ಗಾಣದ ಎಣ್ಣೆ, ಕೈಕಾಗದ, ಜೇನುಸಾಕಣೆ, ಮಲ ಮತ್ತು ಕಸದಿಂದ ಗೊಬ್ಬರ ತಯಾರಿಕೆ ಇವೆಲ್ಲ ಅಲ್ಲಿನ ಪ್ರಯೋಗಗಳು. ಸಾಗುವಳಿಗೆ ಬಾರದ ಭೂಮಿಯಲ್ಲಿ ಬೆಳೆಯುವ ತಾಳೆ, ಈಚಲು ಮರಗಳಿಂದ ಬೆಲ್ಲ ತಯಾರಿಸಿದರೆ ಕಬ್ಬಿಗೆ ಹೋಗುವ ಒಳ್ಳೆಯ ನೆಲವು ಆಹಾರ ಬೆಳೆಗೆ ಉಳಿಯುತ್ತದೆ ಎಂಬಂಥ ಲೆಕ್ಕಾಚಾರ ಅವರದು.

ಕ್ವಿಟ್ ಇಂಡಿಯಾ ಚಳವಳಿಯ ಸಂದರ್ಭದಲ್ಲಿ ಬಂಧಿತರಾಗಿ ಜಬಲ್ಪುರದ ಸೆರೆಮನೆಯಲ್ಲಿದ್ದಾಗ ಎರಡು ಮುಖ್ಯ ಕೃತಿಗಳನ್ನು ರಚಿಸಿದರು: ಒಂದು ಯೇಸುವಿನ ಆಚರಣೆ ಮತ್ತು ಬೋಧನೆಗಳನ್ನು ಕುರಿತದ್ದು, ಇನ್ನೊಂದು ಶಾಶ್ವತ ಅರ್ಥವ್ಯವಸ್ಥೆಯನ್ನು ಕುರಿತ ‘ಎಕಾನಮಿ ಆಫ್ ಪರ್ಮನೆನ್ಸ್’. ಎರಡನ್ನೂ ಒಟ್ಟಿಗೆ ಓದಿದಾಗಲೇ ಅವರ ವಿಚಾರ ಸ್ಪಷ್ಟವಾಗುತ್ತದೆ. ಎರಡನೆಯದರಲ್ಲಿ ಜೀವಿಗಳ ಬದುಕನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಕೊಂದು ತಿನ್ನುವ ಹುಲಿ, ತೋಟ ಸೂರೆಮಾಡುವ ಕೋತಿ, ಗೂಡು ಕಟ್ಟುವ ಹಕ್ಕಿ, ಇಡೀ ಗೂಡಿಗಾಗಿ ದುಡಿಯುವ ಜೇನುನೊಣ, ಕೊನೆಗೆ ಪ್ರತಿಫಲ ಬಯಸದೆ ಮರಿಗೆ ಗುಟುಕು ಕೊಡುವ ತಾಯಿಹಕ್ಕಿ. ಮನುಷ್ಯ ಈ ಕೊನೆಯ ಹಂತಕ್ಕೇರಬೇಕೆಂಬುದು ಅವರ ಆಶಯ. ಕಲ್ಲಿದ್ದಲು, ಪೆಟ್ರೋಲಿಯಂಗಳಂತಹ ಬರಿದಾಗುವ ಸಂಗ್ರಹಗಳನ್ನು ಅವಲಂಬಿಸಿದ ಉತ್ಪಾದನೆಯು ರಾಷ್ಟ್ರಗಳನ್ನು ಯುದ್ಧಕ್ಕೆ ನೂಕುತ್ತದೆ. ಹರಿಯುವ ನೀರಿನಂತೆ ಮರಳಿ ಮರಳಿ ದೊರಕುವ ಸಂಪತ್ತನ್ನು ಅವಲಂಬಿಸಿದರೆ ಶಾಂತಿಗೆ ಎಡೆಯಿದೆ ಎಂದು ಅವರು ತರ್ಕಿಸಿದರು.

ಸ್ವಾತಂತ್ರ್ಯಾನಂತರ

ಕಾಂಗ್ರೆಸ್ಸಿನ ಕೃಷಿ ಸುಧಾರಣಾ ಸಮಿತಿಗೆ ಅಧ್ಯಕ್ಷರಾಗಿ ೧೯೪೯ರಲ್ಲಿ ವರದಿ ಸಲ್ಲಿಸಿದರು. ಭೂಹಿಡುವಳಿಗೆ ಮಿತಿ ವಿಧಿಸಬೇಕೆಂಬುದು ಅದರ ಪ್ರಮುಖ ಶಿಫಾರಸುಗಳಲ್ಲೊಂದು. ಟ್ರ್ಯಾಕ್ಟರ್ ಮತ್ತು ರಾಸಾಯನಿಕ ಗೊಬ್ಬರಗಳ ವಿಚಾರದಲ್ಲಿ ನೆಹರೂ ಸರ್ಕಾರದ ನೀತಿಯನ್ನು ಕಟುವಾಗಿ ಟೀಕಿಸಿದ್ದರಿಂದ ಅಧಿಕಾರದ ವಲಯಗಳಿಂದ ದೂರ ಸರಿದರು. ೧೯೫೦ರ ದಶಕದ ಆರಂಭದಲ್ಲಿ ಚೀನಾ ಮತ್ತು ಸೋವಿಯತ್ ಒಕ್ಕೂಟಗಳನ್ನು ಸಂದರ್ಶಿಸಿ ಮೆಚ್ಚುಗೆ ವ್ಯಕ್ತಪಡಿಸಿದ್ದು ಟೀಕೆಗೆ ಒಳಗಾಯಿತು. ಅಹಿಂಸೆಯ ಪ್ರತಿಪಾದಕರ ಆ ಮೆಚ್ಚುಗೆ ಇಂದಿಗೂ ಸುಲಭವಾಗಿ ಒಗ್ಗುವಂಥದ್ದಲ್ಲ.

ಅವಿವಾಹಿತರಾಗಿಯೇ ಉಳಿದ ಅವರು ಕೊನೆಯ ವರ್ಷಗಳನ್ನು ಮಧುರೆ ಬಳಿಯ ಟಿ. ಕಲ್ಲುಪಟ್ಟಿಯ ಗಾಂಧಿನಿಕೇತನದಲ್ಲಿ ಕಳೆದು, ಗಾಂಧೀಜಿಯವರು ಹತರಾದ ದಿನಕ್ಕೆ ಸರಿಯಾಗಿ ಹನ್ನೆರಡು ವರ್ಷಗಳ ನಂತರ ಮದರಾಸಿನಲ್ಲಿ ನಿಧನರಾದರು. ಇ. ಎಫ್. ಶುಮಾಕರ್ ೧೯೭೩ರಲ್ಲಿ ಪ್ರಕಟಿಸಿದ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಕೃತಿಯಲ್ಲಿ ಕುಮಾರಪ್ಪನವರ ವಿಚಾರಗಳ ಉಲ್ಲೇಖವಿದೆ.